ಎಲ್ಲರ ಹೊಲದಲ್ಲೂ ಒಂದೇ ರಾಗಿ ಯಾಕೆ?

2021ರ ನವೆಂಬರ್ ಮಳೆಯನ್ನು ನಮ್ಮ ತುಮಕೂರು ಕಡೆಯ ರೈತರು ಮರೆತಿರಲಿಕ್ಕಿಲ್ಲ. ಆ ವರ್ಷ ನಮ್ಮೂರಲ್ಲಿ ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ತಳಿಯ ರಾಗಿ. ಬಿತ್ತಿದ್ದೂ ಒಟ್ಟಿಗೆ, ಕೊಯ್ಲಿಗೆ ಬಂದದ್ದೂ ಒಟ್ಟಿಗೆ. ಆಗಲೇ ಮಳೆ ಹಿಡಿದುಕೊಂಡಿತು. ನನ್ನ ಎರಡು ಎಕರೆ ಪೈರು ಮಲಗಿ ತೆನೆಯಲ್ಲೇ ಮೊಳಕೆ ಬಂತು. ಹುಲ್ಲು ಕಪ್ಪಾಗಿ, ದನ ಮೂಸಿ ನೋಡಿ ಬಿಟ್ಟವು.

ಬೇಲಿ ಪಕ್ಕದ ಆರು ಗುಂಟೆಯಲ್ಲಿ ಮಾತ್ರ ನಮ್ಮವ್ವನ ಕಾಲದ ತಡವಾಗಿ ಬರುವ ರಾಗಿ ಇತ್ತು. ಕಾಳಿಗೆ ಇನ್ನೂ ಹಾಲು ತುಂಬುತ್ತಿತ್ತು, ತೆನೆ ಹಗುರ. ಮಳೆ ಬಿಟ್ಟ ಮೇಲೆ ನಿಧಾನಕ್ಕೆ ಬಲಿತು ಕೈಗೆ ಬಂತು. ಮನೆಯ ಮುದ್ದೆಗೆ ಅದೇ ಆಯ್ತು.

ಹಾಗಂತ ನಾಟಿ ರಾಗಿಯೇ ಮೇಲು ಅಂತ ನಾನು ಹೇಳೋದಿಲ್ಲ. 2023ರ ಬರದಲ್ಲಿ ಇದೇ ರಾಗಿ ತೆನೆ ಕಟ್ಟದೆ ಒಣಗಿತು. ಬೇಗ ಬರುವ ಗಿಡ್ಡ ರಾಗಿ ಹಾಕಿದ್ದ ನೆರೆಯವರಿಗೆ ಒಂದಿಷ್ಟು ಕಾಳು ಸಿಕ್ಕಿತು. ಯಾವ ರಾಗಿ ಒಳ್ಳೇದು ಅಂತ ಕೇಳಿದರೆ, ಆ ವರ್ಷದ ಮಳೆಯನ್ನೇ ಕೇಳಬೇಕಾಗ್ತದೆ!

ಹೊಸ ತಳಿಗಳನ್ನು ಬೈಯುವವನೂ ನಾನಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿ ಮಾಡಿದರು. ಇಂಡಿಯಾ, ಆಫ್ರಿಕಾ ಎರಡೂ ಆ ಹೆಸರಿನಲ್ಲೇ ಇವೆ. ಆಮೇಲೆ ಬಂದ ಜಿಪಿಯು-28 ಬೆಂಕಿರೋಗ ತಡೆದು ಎಷ್ಟೋ ಮನೆ ಉಳಿಸಿತು. ಆದರೆ ಹಾಗೆ ಕೂಡಿಸಲಿಕ್ಕೆ ಬೇರೆ ಬೇರೆ ರಾಗಿ ಇರಬೇಕಲ್ಲ? ಶೀತಲ ಕೋಣೆಯಲ್ಲಿ ಬೀಜ ಇಟ್ಟಿದ್ದಾರೆ, ಸರಿ. ಅಲ್ಲಿ ಅದು ನಿದ್ದೆ ಮಾಡ್ತದೆ. ಹೊಲದಲ್ಲಿದ್ದರೆ ಬರ, ಮಳೆ, ರೋಗ ಕಂಡು, ಬದುಕಿದ್ದು ಮುಂದಿನ ವರ್ಷದ ಬೀಜ ಆಗ್ತದೆ.

ಕಷ್ಟದ ಕೆಲಸವೇನಲ್ಲ. ರಾಗಿ ಹೆಚ್ಚಾಗಿ ತನ್ನ ಹೂವಿನಲ್ಲೇ ತಾನು ಕಾಳು ಕಟ್ಟುವ ಬೆಳೆ. ಪಕ್ಕದ ಹೊಲದ ತಳಿಯೊಂದಿಗೆ ಬೆರೆಯೋದು ಕಡಿಮೆ. ಬೆರೆಯೋದೆಲ್ಲ ಕಣದಲ್ಲಿ, ನಮ್ಮ ಅವಸರದಿಂದ. ನಮ್ಮನೆಯಲ್ಲಿ ಕೊಯ್ಲಿಗೆ ಮುಂಚೆಯೇ ನನ್ನ ಹೆಂಡತಿ ಹೊಲದಲ್ಲಿ ಓಡಾಡಿ ಒಳ್ಳೆ ತೆನೆ ಮುರಿದು ಬೇರೆ ಕಟ್ಟಿಡ್ತಾಳೆ. ಈ ವಿಷಯದಲ್ಲಿ ನನ್ನ ಮಾತು ನಡೆಯೋದಿಲ್ಲ.

ಇಳುವರಿ ಕಡಿಮೆ ಅಂತಾರೆ. ಹೌದು, ಕಾಳು ತೂಗಿದರೆ ಕಡಿಮೆಯೇ. ಹುಲ್ಲನ್ನು ಯಾರೂ ತೂಗೋದಿಲ್ಲ. ಎರಡು ಎಕರೆ ಇದ್ದವರು ಪೂರ್ತಿ ಹಾಕಬೇಕಿಲ್ಲ, ನಾಲ್ಕೈದು ಗುಂಟೆ ಬಿಟ್ಟರೆ ಸಾಕು.

ನನ್ನಲ್ಲಿ ತಡವಾಗಿ ಬರುವ ರಾಗಿ ನಾಲ್ಕು ಸೇರು ಬೀಜಕ್ಕೆ ಉಳಿದಿದೆ. ದುಡ್ಡು ಬೇಡ. ಗಿಡ್ಡ ರಾಗಿ ಇದ್ದವರು ಬದಲಿಗೆ ಎರಡು ಸೇರು ಕೊಡಲಿ.