ಗೋಡೆಯದ್ದು ನಕಲಿ, ಕಾಗದದ್ದು ಅಸಲಿ!

ಚಿತ್ರದುರ್ಗದ ಹಾಸ್ಟೆಲ್ ಕೋಣೆಯೊಂದರಲ್ಲಿ ಮೊನ್ನೆ ಒಂದು ಪೋಸ್ಟರ್ ನೋಡಿದೆ. ಕಪ್ಪು ಬಣ್ಣದ ಪುಟ್ಟ ಹುಡುಗಿ, ಅವಳ ಕೈಗೆಟುಕದೆ ಹಾರುತ್ತಿರುವ ಹೃದಯದಾಕಾರದ ಕೆಂಪು ಬಲೂನು. ಬ್ಯಾಂಕ್ಸಿ ಎಂಬ ಹೆಸರಿನ ಮರೆಯಲ್ಲಿರುವ ಬ್ರಿಟಿಷ್ ಕಲಾವಿದನ 'ಗರ್ಲ್ ವಿತ್ ಬಲೂನ್'. ಆನ್‌ಲೈನಿನಲ್ಲಿ ಮುನ್ನೂರು ರೂಪಾಯಿಗೆ ತರಿಸಿದ್ದಂತೆ. "ಇದರ ಅಸಲಿಗೆ ಕೋಟಿಗಟ್ಟಲೆ ರೇಟು ಸಾರ್. ಅಷ್ಟು ಅರ್ಥ ಇದೆ ಇದರಲ್ಲಿ" ಅಂದ ಕೋಣೆಯ ಹುಡುಗ.

ಅವನ ಮೆಚ್ಚುಗೆಯ ಬಗ್ಗೆ ನನಗೆ ತಕರಾರಿಲ್ಲ, ಚಿತ್ರ ಚೆನ್ನಾಗಿಯೇ ಇದೆ. ತಕರಾರಿರುವುದು ಆ 'ಅಷ್ಟು' ಎಂಬ ಮಾತಿನ ಮೇಲೆ. ರೇಟು ಹೆಚ್ಚಿದ್ದರೆ ಅರ್ಥವೂ ಹೆಚ್ಚು ಎಂಬ ಈ ಲೆಕ್ಕ ಅವನೊಬ್ಬನದಲ್ಲ. ಕಲೆಯ ಬಗ್ಗೆ ಬರೆಯುವ ನಮ್ಮಲ್ಲೂ ಬಹಳ ಜನ ಇದನ್ನು ನಂಬಿದ್ದಾರೆ.

ಅಸಲಿ ಅಂದರೆ ಯಾವುದು? 2002ರಲ್ಲಿ ಈ ಹುಡುಗಿ ಲಂಡನ್ನಿನ ವಾಟರ್ಲೂ ಸೇತುವೆಯ ಮೆಟ್ಟಿಲ ಗೋಡೆಯ ಮೇಲಿದ್ದಳು. ಪಕ್ಕದಲ್ಲಿ ಭರವಸೆಯ ಒಂದು ಸಾಲೂ ಇತ್ತು. ಆಮೇಲೆ ಬಣ್ಣ ಬಳಿದು ಮುಚ್ಚಿದರು. 2004ರ ಹೊತ್ತಿಗೆ ಅದೇ ಹುಡುಗಿ ಸ್ಕ್ರೀನ್ ಪ್ರಿಂಟಾಗಿ ಕಾಗದಕ್ಕೆ ಇಳಿದಳು. ನಮ್ಮೂರುಗಳಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ವಿಧಾನವೇ. ಸಹಿ ಇರುವ 150 ಪ್ರತಿ, ಸಹಿ ಇಲ್ಲದ 600. ಎರಡರಲ್ಲೂ ಅದೇ ಹುಡುಗಿ, ಅದೇ ಬಲೂನು. ಆದರೆ ಹರಾಜಿನಲ್ಲಿ ಸಹಿಯದ್ದಕ್ಕೆ ಬೆಲೆ ಹೆಚ್ಚು. ಹಾಗಾದರೆ ಆ ಹೆಚ್ಚುವರಿ ದುಡ್ಡು ಯಾವ ಅರ್ಥಕ್ಕೆ?

ಇನ್ನೊಂದು ತಮಾಷೆ ಕೇಳಿ. ಬ್ಯಾಂಕ್ಸಿಯ ಕೃತಿ ಅಸಲಿಯೋ ನಕಲಿಯೋ ಎಂದು ಪ್ರಮಾಣಪತ್ರ ಕೊಡುವುದು ಅವನದೇ ಕಚೇರಿ, ಹೆಸರು 'ಪೆಸ್ಟ್ ಕಂಟ್ರೋಲ್'. ರಾಜಕುಮಾರಿ ಡಯಾನಾಳ ಮುಖವಿರುವ ಖೋಟಾ ಹತ್ತು ಪೌಂಡ್ ನೋಟನ್ನು ಹರಿದು ಅರ್ಧವನ್ನು ಪ್ರಮಾಣಪತ್ರಕ್ಕೆ ಅಂಟಿಸುತ್ತಾರೆ, ಇನ್ನರ್ಧ ಕಚೇರಿಯಲ್ಲೇ ಉಳಿಯುತ್ತದೆ. ಅಸಲಿ ಕೃತಿಗೆ ಖೋಟಾ ನೋಟಿನ ಸಾಕ್ಷಿ! ಬೀದಿ ಗೋಡೆಗಳ ಮೇಲಿನ ಚಿತ್ರಗಳಿಗೆ ಮಾತ್ರ ಈ ಕಚೇರಿ ಪ್ರಮಾಣಪತ್ರ ಕೊಡುವುದೇ ಇಲ್ಲ. ಅಂದರೆ ಮಾರುಕಟ್ಟೆಯ ಪುಸ್ತಕದಲ್ಲಿ ಗೋಡೆಯದ್ದು ಲೆಕ್ಕಕ್ಕಿಲ್ಲ, ಕಾಗದದ್ದೇ ಅಸಲಿ.

2013ರ ಅಕ್ಟೋಬರಿನಲ್ಲಿ ಬ್ಯಾಂಕ್ಸಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಬಳಿ ವೃದ್ಧರೊಬ್ಬರನ್ನು ಕೂರಿಸಿ ತನ್ನ ಸಹಿಯಿದ್ದ ಕ್ಯಾನ್ವಾಸುಗಳನ್ನು ತಲಾ 60 ಡಾಲರಿಗೆ ಮಾರಿಸಿದ. ದಿನದ ವ್ಯಾಪಾರ 420 ಡಾಲರ್. ಒಬ್ಬ ಹೆಂಗಸು ಚೌಕಾಸಿ ಮಾಡಿ ಅರ್ಧ ಬೆಲೆಗೆ ಎರಡು ಕೊಂಡಳು. ಅರ್ಥವೇ ಬೆಲೆ ತರುವುದಾದರೆ ಆ ದಿನ ಅರ್ಥವೆಲ್ಲ ಎಲ್ಲಿಗೆ ಹೋಗಿತ್ತು? 2018ರಲ್ಲಿ ಬಲೂನು ಹುಡುಗಿಯ ಕ್ಯಾನ್ವಾಸ್ ಲಂಡನ್ನಿನ ಸೋಥೆಬೀಸ್ ಹರಾಜಿನಲ್ಲಿ ಸುಮಾರು 10.4 ಲಕ್ಷ ಪೌಂಡಿಗೆ ಮಾರಾಟವಾದ ಮರುಕ್ಷಣವೇ ಚೌಕಟ್ಟಿನೊಳಗೆ ಅಡಗಿಸಿಟ್ಟಿದ್ದ ಯಂತ್ರ ಅದನ್ನು ಅರ್ಧ ಸೀಳಿತು. ಮಾರುಕಟ್ಟೆಗೆ ಹೊಡೆದ ಕಪಾಳಮೋಕ್ಷ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. 2021ರಲ್ಲಿ ಆ ಸೀಳಿದ ಕ್ಯಾನ್ವಾಸ್ ಸುಮಾರು 1.86 ಕೋಟಿ ಪೌಂಡಿಗೆ ಹೋಯಿತು. ಮಾರುಕಟ್ಟೆ ಆ ಹೊಡೆತವನ್ನೂ ಸರಕು ಮಾಡಿಕೊಂಡಿತು.

ಅರ್ಥ ಬೇರೆ, ಬೆಲೆ ಬೇರೆ ಎಂದು ತಿಳಿಯಲು ಲಂಡನ್ನಿಗೇ ಹೋಗಬೇಕಿಲ್ಲ. 2015ರಲ್ಲಿ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆಯೊಂದನ್ನು ಬಿಟ್ಟರು. ಪಾಲಿಕೆಯವರು ಓಡಿಬಂದು ಗುಂಡಿ ಮುಚ್ಚಿದರು. ಗುಂಡಿ ಮುಚ್ಚಿದ್ದೇ ಆ ಕೃತಿಯ ಅರ್ಥ. ಅದನ್ನು ಯಾವ ಹರಾಜಿನಲ್ಲಿ ಕೂಗುತ್ತೀರಿ?

ನಮ್ಮ ಜಿಲ್ಲೆಯಲ್ಲೇ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ಅಶೋಕನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದದ್ದು. ಅದರ ಕೊನೆಗೆ ಬರೆದವನು ತನ್ನ ಹೆಸರನ್ನೂ ಕೆತ್ತಿದ್ದಾನೆ: ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೆ 'ಲಿಪಿಕಾರ' ಎಂಬ ಮಾತನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿಯಲ್ಲಿ ಬರೆದಿದ್ದಾನೆ. ರಾಜನ ಮಾತಿನ ಕೆಳಗೆ ಕೂಲಿಯವನೊಬ್ಬ ಹಾಕಿದ ಸಹಿ. ಆ ಸಹಿಯಿಂದ ಬಂಡೆಯ ರೇಟು ಏರಲಿಲ್ಲ. ಇದನ್ನು ಒಬ್ಬ ಮನುಷ್ಯ ಕೈಯಾರೆ ಬರೆದ ಎಂದಷ್ಟೇ ಅದು ಹೇಳುತ್ತದೆ. (ಚಪಡನ ನೆಪ ಹೇಳಿ ಕೋಟೆಯ ಬಂಡೆಗಳ ಮೇಲೆ ಪ್ರೇಯಸಿಯ ಹೆಸರು ಗೀಚುವವರಿಗೆ ನನ್ನ ಬೆಂಬಲವಿಲ್ಲ. ಹಳೆಯ ಬರಹದ ಮೇಲೆ ಗೀಚುವುದು ಅದನ್ನು ಅಳಿಸುವ ಕೆಲಸ.)

"ಹಾಗಾದರೆ ಕಲಾವಿದ ಉಪವಾಸ ಇರಬೇಕೇ?" ಎಂದು ಕೇಳುತ್ತೀರಿ. ಖಂಡಿತ ಬೇಡ. ಬ್ಯಾಂಕ್ಸಿ ಪ್ರಿಂಟ್ ಮಾರಿದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ ಕೈಯಿಂದ ಕೈಗೆ ದಾಟಿ ಏರುವ ಹರಾಜಿನ ಬೆಲೆ ಹೆಚ್ಚಾಗಿ ಮಾರುವವನ ಜೇಬಿಗೆ ಹೋಗುತ್ತದೆ, ಬರೆದವನಿಗಲ್ಲ. ಉಪವಾಸದ ಮಾತೆತ್ತುವವರು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ಬೀದಿಗಳಲ್ಲಿ ಒಮ್ಮೆ ನಡೆಯಲಿ. ಅಂಗಡಿ ಬೋರ್ಡು, ಲಾರಿಯ ಹಿಂಬದಿ, ಶಾಲೆಯ ಗೋಡೆ ಬರೆದು, ಮೂಲೆಯಲ್ಲಿ ಸಣ್ಣಕ್ಕೆ 'ಆರ್ಟ್ಸ್' ಎಂದು ತಮ್ಮ ಹೆಸರು ಹಾಕುತ್ತಿದ್ದವರು ಈಗ ಎಲ್ಲಿದ್ದಾರೆ? ಹೊಳಲ್ಕೆರೆಯ ಹಿರಿಯರೊಬ್ಬರು ನನಗೆ ಹೇಳಿದ್ದು: "ಈಗ ಮನೆಗಳಿಗೆ ಪೇಂಟ್ ಹೊಡೀತೀನಪ್ಪ. ಅಕ್ಷರ ಯಾರಿಗೆ ಬೇಕು, ಎಲ್ಲಾ ಫ್ಲೆಕ್ಸು." 2016ರಲ್ಲಿ ಸರ್ಕಾರ ಫ್ಲೆಕ್ಸ್ ನಿಷೇಧಿಸಿದ್ದು ಕಾಗದದ ಮೇಲೆ ಉಳಿಯಿತು; ಅವರ ಕುಂಚ ಡಬ್ಬದಲ್ಲಿ ಒಣಗಿತು.

ಹಾಸ್ಟೆಲಿನ ಗೆಳೆಯಾ, ಪೋಸ್ಟರ್ ಇರಲಿ, ತೆಗೆಯಬೇಡ. ಆದರೆ ನಿಮ್ಮ ಕಾಲೇಜಿನ ಮುಂದಿನ ಹಬ್ಬಕ್ಕೆ ಫ್ಲೆಕ್ಸ್ ಹಾಕಿಸುವ ದುಡ್ಡಿನಲ್ಲಿ ಅಂಥ ಒಬ್ಬರನ್ನು ಕರೆಸಿ. ಕಾಂಪೌಂಡ್ ಗೋಡೆ ಕೊಡಿ, ಚೌಕಾಸಿ ಮಾಡದೆ ಕೂಲಿ ಕೊಡಿ. ಮುಖ್ಯವಾಗಿ, ಕೆಳಗೆ ಅವರ ಹೆಸರು ಬರೆಯಲು ಜಾಗ ಬಿಡಿ. ಮಳೆಗೆ ಅದು ಎರಡು ವರ್ಷದಲ್ಲಿ ಮಾಸಬಹುದು. ವಾಟರ್ಲೂ ಸೇತುವೆಯ ಹುಡುಗಿಯೂ ಗೋಡೆಯ ಮೇಲೆ ಉಳಿಯಲಿಲ್ಲ.