6 ಎಂಎಂ ಪಿನ್‌ಗೆ 6 ಎಂಎಂ ತೂತು, ಎಚ್7 ಎಂದು ಬರೆದರೆ ಪ್ರೆಸ್ ಫಿಟ್ ಆಗುತ್ತದೆಯೇ?

"ಪಿನ್ ಎಷ್ಟು ದಪ್ಪವೋ ತೂತೂ ಅಷ್ಟೇ ಇರಲಿ. ಡ್ರಾಯಿಂಗ್‌ನಲ್ಲಿ ಎಚ್7 ಎಂದು ಬರೆದುಬಿಡಿ, ಪ್ರೆಸ್ ಫಿಟ್ ತಾನಾಗಿಯೇ ಬರುತ್ತದೆ." ಐಟಿಐ, ಡಿಪ್ಲೊಮಾ ವಿದ್ಯಾರ್ಥಿಗಳ ಮತ್ತು ಮಷಿನ್ ಶಾಪ್‌ನವರ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಒಂದೇ ಸಾಲಿನ ಸಲಹೆಗಳು ಓಡಾಡುತ್ತಿರುತ್ತವೆ. ಇದು ನಿಜವೇ? ಅರ್ಧ ಮಾತ್ರ. ಆ ಅರ್ಧವನ್ನೇ ಪೂರ್ತಿ ಎಂದು ನಂಬಿದರೆ ಪಿನ್ ಸಡಿಲವಾಗಿ ಉದುರಬಹುದು.

ಡಾವೆಲ್ ಪಿನ್ ಮಾಡುವ ಕೆಲಸವೇನು?

ಎರಡು ಭಾಗಗಳನ್ನು ಬಿಗಿಯಾಗಿ ಹಿಡಿಯುವುದು ಬೋಲ್ಟ್‌ನ ಕೆಲಸ. ಪ್ರತಿಸಲ ಬಿಚ್ಚಿ ಜೋಡಿಸಿದಾಗಲೂ ಅವು ಅದೇ ಜಾಗದಲ್ಲಿ ಕೂರುವಂತೆ ನೋಡಿಕೊಳ್ಳುವುದು ಡಾವೆಲ್ ಪಿನ್‌ನ ಕೆಲಸ. ಡೈ, ಜಿಗ್, ಗೇರ್‌ಬಾಕ್ಸ್, ಎಂಜಿನ್ ಎಲ್ಲದರಲ್ಲೂ ಇದು ಇರುತ್ತದೆ. ಸಾಮಾನ್ಯವಾಗಿ ಪಿನ್ ಒಂದು ಭಾಗದಲ್ಲಿ ಒತ್ತಿ ಕೂತಿರುತ್ತದೆ, ಇನ್ನೊಂದು ಭಾಗ ಅದರ ಮೇಲೆ ಸಲೀಸಾಗಿ ಜಾರಿ ಕೂರುತ್ತದೆ. ಹಾಗಾಗಿ ಎರಡು ಭಾಗಗಳ ತೂತುಗಳಿಗೂ ಒಂದೇ ಅಳತೆ ಬರೆಯುವುದು ಮೊದಲ ತಪ್ಪು.

ಲೆಕ್ಕ ಹಾಕಿ ನೋಡೋಣ

ಅಂಗಡಿಯಲ್ಲಿ ಸಿಗುವ 6 ಎಂಎಂ ಪಿನ್ ಸರಿಯಾಗಿ 6 ಎಂಎಂ ಇರುವುದಿಲ್ಲ. ಗಟ್ಟಿಗೊಳಿಸಿದ ಉಕ್ಕಿನ ಪಿನ್‌ಗಳು ಸಾಮಾನ್ಯವಾಗಿ ಸಣ್ಣಕ್ಷರದ ಎಂ6 ಎಂಬ ವರ್ಗದವು. ಅವುಗಳ ದಪ್ಪ 6.004ರಿಂದ 6.012 ಎಂಎಂ ಒಳಗೆ ಇರುತ್ತದೆ. (ದೊಡ್ಡಕ್ಷರದ ಎಂ6 ಎಂದರೆ ಬೋಲ್ಟ್‌ನ ಥ್ರೆಡ್, ಎರಡನ್ನೂ ಬೆರೆಸಬೇಡಿ.)

ಎಚ್7 ತೂತು 6.000ರಿಂದ 6.012 ಎಂಎಂವರೆಗೆ ಇರಬಹುದು. ತೂತು ಅತಿ ಚಿಕ್ಕದು, ಪಿನ್ ಅತಿ ದಪ್ಪ ಆದರೆ 12 ಮೈಕ್ರಾನ್ ಬಿಗಿ. ತೂತು ಅತಿ ದೊಡ್ಡದು, ಪಿನ್ ಅತಿ ತೆಳು ಆದರೆ 8 ಮೈಕ್ರಾನ್ ಸಡಿಲ. ಎರಡೂ ಭಾಗಗಳು ಡ್ರಾಯಿಂಗ್ ಪ್ರಕಾರ ಸರಿಯಾಗಿಯೇ ಇವೆ, ಆದರೂ ಒಂದು ಜೋಡಿ ಒತ್ತಿ ಕೂರುತ್ತದೆ, ಇನ್ನೊಂದು ಕೈಯಲ್ಲೇ ಜಾರುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 100 ಮೈಕ್ರಾನ್. ಅಷ್ಟರಲ್ಲಿ ಒಂದು ಚೂರಿನ ವ್ಯತ್ಯಾಸ ಇದು!

ಪ್ರತಿಸಲವೂ ಒತ್ತಿಯೇ ಕೂರಬೇಕು ಎಂದರೆ ತೂತು ಪಿನ್‌ಗಿಂತ ಚಿಕ್ಕದಿರಬೇಕು. ಉದಾಹರಣೆಗೆ ಪಿ7 ಎಂದು ಬರೆದರೆ 6 ಎಂಎಂ ತೂತು 5.980ರಿಂದ 5.992 ಎಂಎಂ ಆಗುತ್ತದೆ. ಆಗ ಬಿಗಿ 12ರಿಂದ 32 ಮೈಕ್ರಾನ್, ಸಡಿಲವಾಗುವ ಪ್ರಶ್ನೆಯೇ ಇಲ್ಲ.

ಹಾಗಾದರೆ ಎಲ್ಲದಕ್ಕೂ ಪಿ7 ಬರೆಯೋಣವೇ?

ಬೇಡ. ಎರಕದ ಕಬ್ಬಿಣದಂಥ ಬಿರುಸು ಲೋಹದಲ್ಲಿ, ಅದರಲ್ಲೂ ತೂತು ಅಂಚಿಗೆ ಹತ್ತಿರವಿದ್ದರೆ, ಅತಿ ಬಿಗಿ ಬಿರುಕು ತರಬಹುದು. ಬಿಚ್ಚಿ ಜೋಡಿಸಬೇಕಾದ ಕಡೆ ಇಷ್ಟು ಬಿಗಿ ತೊಂದರೆಯೇ. ಪಿನ್‌ನ ವರ್ಗ ಬದಲಾದರೂ ಲೆಕ್ಕ ಬದಲಾಗುತ್ತದೆ. ಸಣ್ಣಕ್ಷರದ ಎಚ್8 ವರ್ಗದ ಪಿನ್‌ಗಳೂ ಇವೆ. ಅವು 6 ಎಂಎಂ ದಾಟುವುದೇ ಇಲ್ಲ, ಎಚ್7 ತೂತಿನಲ್ಲಿ ಒತ್ತಿ ನಿಲ್ಲುವುದೂ ಇಲ್ಲ. ಆದ್ದರಿಂದ ಪಿನ್ ಯಾವುದು ಎಂದು ಗೊತ್ತಾಗದೆ ತೂತಿನ ಅಳತೆ ಬರೆಯಲಾಗದು.

ಡ್ರಾಯಿಂಗ್‌ನಲ್ಲಿ ಏನೇನು ಇರಬೇಕು?

• ತೂತಿನ ವ್ಯಾಸ, ಅದರ ಗರಿಷ್ಠ ಮತ್ತು ಕನಿಷ್ಠ ಮಿತಿ. "ರೀಮ್ ಮಾಡಿ" ಎಂದಷ್ಟೇ ಬರೆದರೆ ಸಾಲದು, ರೀಮರ್ ಸವೆದಂತೆ ತೂತಿನ ಅಳತೆಯೂ ಬದಲಾಗುತ್ತದೆ.
• ಪೂರ್ಣ ಅಳತೆ ಎಷ್ಟು ಆಳದವರೆಗೆ ಇರಬೇಕು ಎಂಬುದು. ಡ್ರಿಲ್ ತುದಿಯ ಕೋನ್ ಲೆಕ್ಕಕ್ಕಿಲ್ಲ.
• ತೂತು ಇರಬೇಕಾದ ಜಾಗ, ಅದರ ಟಾಲರೆನ್ಸ್. ವ್ಯಾಸ ಸರಿಯಿದ್ದು ಜಾಗ ತಪ್ಪಿದರೆ ಭಾಗ ಕೂರುವುದಿಲ್ಲ.
• ಆರಪಾರವಿಲ್ಲದ ತೂತಾದರೆ ಗಾಳಿ ಹೊರಹೋಗಲು ದಾರಿ. ಇಲ್ಲದಿದ್ದರೆ ಒಳಗೆ ಸಿಕ್ಕ ಗಾಳಿಯೇ ಪಿನ್ ಅನ್ನು ತಡೆಯುತ್ತದೆ.

ಎರಡು ಪಿನ್ ಇದ್ದರೆ ಜಾರಿ ಕೂರುವ ಭಾಗದಲ್ಲಿ ಒಂದು ದುಂಡು ತೂತು, ಇನ್ನೊಂದು ಉದ್ದನೆಯ ಸ್ಲಾಟ್ ಕೊಡುವುದು ಒಳ್ಳೆಯ ಕ್ರಮ. ಪಿನ್‌ಗಳ ನಡುವಿನ ದೂರದಲ್ಲಿ ಬರುವ ಸಣ್ಣ ವ್ಯತ್ಯಾಸವನ್ನು ಸ್ಲಾಟ್ ನುಂಗಿಕೊಳ್ಳುತ್ತದೆ.

ಸುತ್ತಿಗೆ ಎತ್ತುವ ಮುನ್ನ

ಡ್ರಾಯಿಂಗ್ ತಪ್ಪಾದರೆ ಅದರ ಹೊಡೆತ ಬೀಳುವುದು ಮಷಿನ್ ಮುಂದೆ ನಿಂತವರಿಗೆ. ಪಿನ್ ಹೋಗದಿದ್ದಾಗ ಸುತ್ತಿಗೆ ಕೈಗೆ ಬರುತ್ತದೆ. ಗಟ್ಟಿಗೊಳಿಸಿದ ಪಿನ್ ಮೇಲೆ ಉಕ್ಕಿನ ಸುತ್ತಿಗೆ ಬಿದ್ದರೆ ಚೂರು ಸಿಡಿದು ಕಣ್ಣಿಗೆ ಬಡಿಯಬಹುದು. ಪ್ರೆಸ್ ಬಳಸಿ, ಕನ್ನಡಕ ಹಾಕಿಕೊಳ್ಳಿ.

ಡ್ರಾಯಿಂಗ್ ಕೂಡ ಒಂದು ಸಂದೇಶವೇ. ಓದುವವರು ಬರೆದವರ ಬಳಿ ಬಂದು "ಇದರ ಅರ್ಥವೇನು?" ಎಂದು ಕೇಳಲಾಗದ ಸಂದೇಶ. ಆದ್ದರಿಂದ ಅರ್ಧ ಮಾಹಿತಿ ಸಾಲದು.

ಮುಂದಿನ ಸಲ "ಎಲ್ಲದಕ್ಕೂ ಎಚ್7" ಎಂಬ ಫಾರ್ವರ್ಡ್ ಬಂದರೆ, ಮುಂದೆ ಕಳಿಸುವ ಮುನ್ನ ಒಂದೇ ಪ್ರಶ್ನೆ ಕೇಳಿ: ಯಾವ ಪಿನ್‌ಗೆ?