ಆಧುನಿಕವೆಲ್ಲ ಸಮಕಾಲೀನವಲ್ಲ

ಅರ್ಥವಾಗದ ಚಿತ್ರವನ್ನು 'ಮಾಡರ್ನ್ ಆರ್ಟ್' ಎಂದು ಕರೆದು ಕೈತೊಳೆದುಕೊಳ್ಳುವುದು ನಮ್ಮ ವಿದ್ಯಾವಂತರ ರೂಢಿ. ಈ ಸಡಿಲ ಮಾತಿನಿಂದ ಕಲೆಗಷ್ಟೇ ಅಲ್ಲ, ಸಾರ್ವಜನಿಕ ಹಣದ ವಿನಿಯೋಗಕ್ಕೂ ಹಾನಿಯಿದೆ ಎಂಬುದು ಆಡಳಿತ ಸೇವೆಯಲ್ಲಿ ಬಹುಕಾಲ ಕಳೆದ ನನ್ನ ಅಭಿಪ್ರಾಯ.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಇದು ಆಧುನೀಕರಣ. ಇಂಥ ಬದಲಾವಣೆಯಿಂದ ಕದಡಿದ ಬದುಕಿಗೆ ಹಳೆಯ ರೂಪಗಳು ಸಾಲವೆಂದು ಕಲಾವಿದ ಬಂಡೇಳುವುದು ಆಧುನಿಕತಾವಾದ. ಸಾಹಿತ್ಯದಲ್ಲಿ ಅದನ್ನೇ 'ನವ್ಯ' ಎಂದೆವು. ಮಂಡ್ಯ ಜಿಲ್ಲೆಯ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರು 'ಮೈಸೂರ ಮಲ್ಲಿಗೆ'ಯಿಂದ (1942) 'ಶಿಲಾಲತೆ'ಯತ್ತ ಹೊರಳಿದ್ದು ಇದಕ್ಕೆ ನಿದರ್ಶನ.

ಚಿತ್ರಕಲೆಯಲ್ಲಿ ಈ ಯುಗ ಸುಮಾರು 1860ರ ದಶಕದಿಂದ ನೂರು ವರ್ಷಗಳದ್ದೆಂಬುದು ಸಾಮಾನ್ಯ ಎಣಿಕೆ. ನಮ್ಮ ಕೆ.ಕೆ. ಹೆಬ್ಬಾರ್ (1911–1996) ಆ ಪರಂಪರೆಯವರು. ಭದ್ರಾವತಿಯಲ್ಲಿ 1957ರಲ್ಲಿ ಜನಿಸಿದ ಶೀಲಾ ಗೌಡ ಅವರು ತೈಲವರ್ಣದಿಂದ ಆರಂಭಿಸಿ ಸಗಣಿ, ಕುಂಕುಮ, ದಾರಗಳನ್ನೇ ಕೃತಿಯಾಗಿಸಿದವರು; ಅವರದು ಸಮಕಾಲೀನ ಕಲೆ. ಆಧುನಿಕರು 'ಹೇಗೆ ಚಿತ್ರಿಸುವುದು' ಎಂದು ಕೇಳಿದರೆ, ಸಮಕಾಲೀನರು 'ಚಿತ್ರವೇ ಏಕೆ ಆಗಬೇಕು' ಎಂದು ಕೇಳುತ್ತಾರೆ.

ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಮೊದಲನೆಯದು ದಾಸ್ತಾನು, ಎರಡನೆಯದು ಹರಿವು. ದಾಸ್ತಾನಿಗೆ ಬೇಕಾದದ್ದು ಸಂರಕ್ಷಣೆ. ಬೆಂಗಳೂರಿನಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಆ ಅಗತ್ಯವನ್ನು ಬಹುಮಟ್ಟಿಗೆ ಪೂರೈಸಿದೆ. ಹರಿವಿಗೆ ಬೇಕಾದದ್ದು ನಾಲೆ. ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದ ಮದ್ದೂರು, ಮಳವಳ್ಳಿ ರೈತರಿಗೆ ನೀರು ತಲುಪದ ಸಂಕಟ ಗೊತ್ತು. ಸಮಕಾಲೀನ ಕಲೆಯೂ ಹಾಗೆಯೇ ರಾಜಧಾನಿಯ ತೂಬನ್ನು ದಾಟುವುದು ಅಪರೂಪ. ಎರಡನ್ನೂ ಒಂದೇ ಹೆಸರಿನಿಂದ ಕರೆಯುವವರೆಗೆ, ಸಂಗ್ರಹಾಲಯ ಕಟ್ಟಿದೊಡನೆ ಕರ್ತವ್ಯ ಮುಗಿಯಿತೆಂಬ ಭ್ರಮೆ ಸರ್ಕಾರಕ್ಕೆ ತಪ್ಪದು.

ಹಳ್ಳಿಯವರಿಗೆ ಇದೆಲ್ಲ ಏಕೆ ಎನ್ನುವವರಿದ್ದಾರೆ. ಸಗಣಿಯ ಹಿಂದಿನ ದುಡಿಮೆಯನ್ನು ಬಲ್ಲ ರೈತ ಮಹಿಳೆ, ಅಂಥ ಕೃತಿಯ ಮುಂದೆ ನಗರದ ವೀಕ್ಷಕರಿಗಿಂತ ಹರಿತವಾದ ಪ್ರಶ್ನೆ ಕೇಳಬಲ್ಲಳು. 1938ರ ಧ್ವಜ ಸತ್ಯಾಗ್ರಹವನ್ನು ಸ್ಮರಿಸುವ ಮದ್ದೂರಿನ ಶಿವಪುರದ ಸೌಧದಂಥ ಕಟ್ಟಡಗಳಲ್ಲಿ ವರ್ಷಕ್ಕೊಂದು ತಿಂಗಳು ಯುವ ಕಲಾವಿದರಿಗೆ ಜಾಗ, ಸಾಮಗ್ರಿ, ತಕ್ಕ ಸಂಭಾವನೆ ನೀಡಲಿ. ಹೊಸ ಕಟ್ಟಡ ಬೇಕಿಲ್ಲ. ಇದ್ದುದನ್ನು ತೆರೆಯುವ ಮನಸ್ಸು ಸಾಕು.